ಚುನಾವಣಾ ಭಾಷಣದ ಅಂಕಿಗಳು: ಇಬ್ಬರದ್ದೂ ಸರ್ಕಾರಿ ಲೆಕ್ಕ, ಉತ್ತರ ಮಾತ್ರ ಬೇರೆ ಯಾಕೆ?

ಶಾಲ್ಮಲಾ
ಪ್ರಚಾರ ಶುರುವಾದರೆ ಸಾಕು, ಅಧಿಕಾರದಲ್ಲಿರುವವರು "ಉದ್ಯೋಗ ಹೆಚ್ಚಿದೆ" ಅಂತಾರೆ, ಎದುರಿನವರು "ನಿರುದ್ಯೋಗ ಹೆಚ್ಚಿದೆ" ಅಂತಾರೆ. ಇಬ್ಬರ ಕೈಯಲ್ಲೂ ಸರ್ಕಾರಿ ವರದಿ. ಮೂಲ ತೆಗೆದು ನೋಡಿದರೆ ಎರಡೂ ಅಂಕಿ ಅಲ್ಲೇ ಇರುತ್ತವೆ. ಸುಳ್ಳು ಅನ್ನೋಕೆ ಬರಲ್ಲ, ಪೂರ್ತಿ ನಿಜ ಅಂತ ಒಪ್ಪೋಕೂ ಮನಸ್ಸಿಲ್ಲ. ಯಾವ ಪಕ್ಷ ಸರಿ ಅನ್ನೋ ಜಗಳ ಇಲ್ಲಿ ಬೇಡ. ಒಂದು ಅಂಕಿ ಕಿವಿಗೆ ಬಿದ್ದಾಗ ಅದನ್ನು ಎಲ್ಲಿ ಹಿಡಿದು ನೋಡಬೇಕು ಅಂತ ಗೊತ್ತಿರುವವರು ಬಿಡಿಸಿ ಹೇಳ್ತೀರಾ?

ಲೆಕ್ಕಿಗ
ಎರಡೂ ಒಟ್ಟೊಟ್ಟಿಗೆ ನಿಜ ಆಗಬಹುದು ಶಾಲ್ಮಲಾ ಅವರೇ. ಗುಟ್ಟು ಇರೋದು ಛೇದದಲ್ಲಿ.

ಕೆಲಸ ಹುಡುಕುತ್ತಿರುವವರನ್ನು "ಕೆಲಸದಲ್ಲಿರುವವರು + ಹುಡುಕುತ್ತಿರುವವರು" ಎಂಬ ಮೊತ್ತದಿಂದ ಭಾಗಿಸಿದರೆ ಸಿಗೋದು ನಿರುದ್ಯೋಗ ದರ. ಓದುತ್ತಿರುವವರು, ಮನೆಯಲ್ಲಿರುವವರು, ಹುಡುಕಿ ಹುಡುಕಿ ಸಾಕಾಗಿ ಕೈಬಿಟ್ಟವರು ಮೇಲೂ ಇಲ್ಲ, ಕೆಳಗೂ ಇಲ್ಲ.

1000 ವಯಸ್ಕರನ್ನು ಇಟ್ಟುಕೊಳ್ಳಿ. 540 ಜನ ಕೆಲಸದಲ್ಲಿ, 60 ಜನ ಹುಡುಕಾಟದಲ್ಲಿ. ದರ 60/600, ಅಂದರೆ ಶೇ. 10. ಮುಂದಿನ ವರ್ಷ 560 ಜನರಿಗೆ ಕೆಲಸ, ಹುಡುಕುವವರು 80. ಈಗ 80/640, ಶೇ. 12.5. ಕೆಲಸವೂ ಹೆಚ್ಚಿತು, ನಿರುದ್ಯೋಗವೂ ಹೆಚ್ಚಿತು. ಇಬ್ಬರೂ ವೇದಿಕೆ ಹತ್ತಬಹುದು.

ಇದಕ್ಕಿಂತ ಅಪಾಯದ್ದು ಉಲ್ಟಾ ಲೆಕ್ಕ. ಕೆಲಸ 540ರಿಂದ 530ಕ್ಕೆ ಇಳಿಯಿತು, ಹುಡುಕುವವರು ಬೇಸತ್ತು 60ರಿಂದ 30ಕ್ಕೆ ಬಂದರು ಅನ್ನಿ. 30/560, ಶೇ. 5.4. "ನಿರುದ್ಯೋಗ ಅರ್ಧಕ್ಕೆ ಇಳಿಸಿದೆವು" ಅಂತ ಫ್ಲೆಕ್ಸ್ ಹಾಕಬಹುದು, ಆದರೆ ಹತ್ತು ಜನ ಕೆಲಸ ಕಳೆದುಕೊಂಡಿದ್ದಾರೆ. ಅದಕ್ಕೇ ದರದ ಜೊತೆಗೆ ಒಟ್ಟು ವಯಸ್ಕರಲ್ಲಿ ಎಷ್ಟು ಜನ ಕೆಲಸದಲ್ಲಿದ್ದಾರೆ ಅನ್ನೋದನ್ನೂ ಕೇಳಲೇಬೇಕು. ಮೇಲಿನ ಮೂರು ಸ್ಥಿತಿಗೆ ಅದು ಶೇ. 54, 56, 53. ಇಲ್ಲಿ ಯಾರೂ ಆಟ ಆಡೋಕೆ ಆಗಲ್ಲ.

ತಕ್ಕಡಿ
ಲೆಕ್ಕಿಗ ಹೇಳಿದ್ದು ಸರಿ, ಆದರೆ "ಕೆಲಸದಲ್ಲಿರುವವರು" ಅಂದರೆ ಯಾರು ಅನ್ನೋದೇ ದೊಡ್ಡ ಪ್ರಶ್ನೆ. ಭಾರತದ ಪಿಎಲ್‌ಎಫ್‌ಎಸ್ (ದೇಶದ ಉದ್ಯೋಗ, ನಿರುದ್ಯೋಗ ಅಳೆಯೋ ಸರ್ಕಾರಿ ಸಮೀಕ್ಷೆ) ವರದಿಯನ್ನೇ ನೋಡಿ. 2023-24ಕ್ಕೆ ಒಂದೇ ವರದಿಯಲ್ಲಿ ಎರಡು ನಿರುದ್ಯೋಗ ದರ ಇವೆ: ಶೇ. 3.2 ಮತ್ತು ಶೇ. 4.9. ಮೊದಲನೆಯದು "ಸಾಮಾನ್ಯ ಸ್ಥಿತಿ". ಹಿಂದಿನ 365 ದಿನ ಹೆಚ್ಚು ಕಾಲ ಏನು ಮಾಡುತ್ತಿದ್ದರು ಅಂತ ಕೇಳಿ, ಅದರ ಜೊತೆಗೆ 30 ದಿನ ಅಥವಾ ಹೆಚ್ಚು ಏನಾದರೂ ಪೂರಕ ಕೆಲಸ ಮಾಡಿದವರನ್ನೂ ಕೆಲಸದವರ ಸಾಲಿಗೆ ಸೇರಿಸುತ್ತಾರೆ. ಎರಡನೆಯದು "ವಾರದ ಸ್ಥಿತಿ". ಹಿಂದಿನ 7 ದಿನದಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆ ದುಡಿದಿದ್ದರೆ ಕೆಲಸದವರು. ಆಳುವ ಪಕ್ಷ ಮೊದಲನೆಯದನ್ನು ಎತ್ತಿಕೊಳ್ಳುತ್ತೆ, ವಿರೋಧ ಪಕ್ಷ ಎರಡನೆಯದನ್ನು. ಅಧಿಕಾರ ಬದಲಾದರೆ ಅಂಕಿಯೂ ಅದಲು ಬದಲು.

ಇನ್ನೂ ಒಂದು: ಮನೆಯವರ ಹೊಲದಲ್ಲೋ ಅಂಗಡಿಯಲ್ಲೋ ಸಂಬಳವಿಲ್ಲದೆ ದುಡಿಯುವವರೂ ಇಲ್ಲಿ ಉದ್ಯೋಗಿಗಳೇ. 2022-23ರಲ್ಲಿ ಒಟ್ಟು ದುಡಿಯುವವರಲ್ಲಿ ಅಂಥವರು ಶೇ. 18ರಷ್ಟು. ಅಮೆರಿಕದಲ್ಲಿ ಅಂಥವರು ವಾರಕ್ಕೆ 15 ಗಂಟೆ ಮುಟ್ಟಿದರೆ ಮಾತ್ರ ಲೆಕ್ಕಕ್ಕೆ. ಎರಡು ದೇಶದ ದರ ಪಕ್ಕಪಕ್ಕ ಇಟ್ಟು "ನಾವು ಅವರಿಗಿಂತ ವಾಸಿ" ಅನ್ನೋ ಸ್ಲೈಡ್ ಬಂದರೆ ಅಲ್ಲೇ ನಿಲ್ಲಿಸಿ ಕೇಳಿ.

ನಾಲ್ಕನೇಬೆಂಚು
ವಾರಕ್ಕೆ ಒಂದು ಗಂಟೆ ದುಡಿದರೆ ಉದ್ಯೋಗಿನಾ? ಇದು ಶುದ್ಧ ಮೋಸ ಅಲ್ವಾ ಸರ್?

ತಕ್ಕಡಿ
ಅಲ್ಲ. ಒಂದು ಗಂಟೆಯ ಮಾನದಂಡ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯದ್ದು. ದೇಶದ ಉತ್ಪಾದನೆಗೆ ಹೋದ ಎಲ್ಲ ದುಡಿಮೆಯನ್ನೂ ಹಿಡಿಯಬೇಕು ಅನ್ನೋದು ಅದರ ಉದ್ದೇಶ. ಆ ಅಂಕಿಯನ್ನು "ಇಷ್ಟು ಮನೆಯ ಒಲೆ ಉರಿಯುತ್ತಿದೆ" ಅನ್ನೋ ಅರ್ಥದಲ್ಲಿ ಭಾಷಣಕ್ಕೆ ತರೋದು ತಪ್ಪು. ಬದುಕು ಗೊತ್ತಾಗಬೇಕಾದರೆ ದುಡಿದ ಗಂಟೆ ಮತ್ತು ಗಳಿಕೆಯ ಕೋಷ್ಟಕ ತೆಗೀಬೇಕು. ಎರಡೂ ಅದೇ ವರದಿಯ ಹಿಂದಿನ ಪುಟಗಳಲ್ಲಿ ಇರುತ್ತವೆ.

ಪೇಸ್ಲಿಪ್
ಸಮೀಕ್ಷೆ ಬಿಡಿ, ಈಗ ಭಾಷಣಗಳಲ್ಲಿ ಓಡುತ್ತಿರುವುದು ಭವಿಷ್ಯ ನಿಧಿಯ ಅಂಕಿ. "ಇಪಿಎಫ್‌ಒಗೆ ಇಷ್ಟು ಲಕ್ಷ ಹೊಸ ಸದಸ್ಯರು, ಅಷ್ಟೂ ಹೊಸ ಉದ್ಯೋಗ." ಇದು ಎಲ್ಲಿ ಎಡವುತ್ತೆ ಅಂದರೆ, 20 ಅಥವಾ ಹೆಚ್ಚು ಜನ ಇರುವ ಸಂಸ್ಥೆಗೆ ಪಿಎಫ್ ಕಡ್ಡಾಯ. 19 ಜನ ಇದ್ದ ಕಡೆ ಒಬ್ಬರು ಹೊಸದಾಗಿ ಸೇರಿದರು ಅನ್ನಿ. ಹುಟ್ಟಿದ ಕೆಲಸ ಒಂದು, ಪಟ್ಟಿಗೆ ಬಂದ ಹೊಸ ಹೆಸರು 20! ಜೊತೆಗೆ ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹೋಗಿ ಮತ್ತೆ ಸೇರಿದವರೂ ನಿವ್ವಳ ಲೆಕ್ಕದಲ್ಲಿ ಇರುತ್ತಾರೆ. ಬಿಟ್ಟುಹೋದವರ ಮಾಹಿತಿ ತಡವಾಗಿ ಬರುತ್ತೆ, ಹಾಗಾಗಿ ಮೊದಲು ಬಿಟ್ಟ ಅಂಕಿ ಆಮೇಲೆ ಬದಲಾಗುತ್ತೆ.

ಕಡತ
ಪೇಸ್ಲಿಪ್ ಅವರೇ, ನೀವು ಹಾಗಂತ ಅದನ್ನು ತಿಪ್ಪೆಗೆ ಎಸೆಯೋದೂ ಸರಿಯಲ್ಲ. ಆ 19 ಜನಕ್ಕೆ ಇವತ್ತಿನಿಂದ ಪಿಎಫ್ ಸಿಕ್ಕಿತಲ್ಲ, ಅದು ಸಣ್ಣ ವಿಷಯವಾ? ಸಮೀಕ್ಷೆ ಅಂದರೆ ಸ್ಯಾಂಪಲ್, ಇದು ಹೆಸರು ಹೆಸರಾಗಿ ಎಣಿಸಿದ್ದು.

ಪೇಸ್ಲಿಪ್
ಎಸೆಯಿರಿ ಅಂದಿಲ್ಲ ಸ್ವಾಮಿ. "ಇಷ್ಟು ಜನರ ಕೆಲಸಕ್ಕೆ ಭದ್ರತೆ ಬಂತು" ಅನ್ನಲಿ, ನಾನೇ ಚಪ್ಪಾಳೆ ಹೊಡೀತೀನಿ. "ಇಷ್ಟು ಕೆಲಸ ಹುಟ್ಟಿತು" ಅಂದರೆ ಒಪ್ಪಲ್ಲ. ಎರಡು ಬೇರೆ ಬೇರೆ ವಾಕ್ಯ.

ಆಧಾರವರ್ಷ
ಎಲ್ಲಿಂದ ಎಣಿಕೆ ಶುರು ಅನ್ನೋದರ ಬಗ್ಗೆ ಯಾರೂ ಹೇಳಲೇ ಇಲ್ಲ. ಪ್ರಚಾರದಲ್ಲಿ ಅತಿ ಹೆಚ್ಚು ನಡೆಯೋ ಕೈಚಳಕ ಇದೇ.

2020ರ ಏಪ್ರಿಲ್-ಜೂನ್ ತ್ರೈಮಾಸಿಕದಲ್ಲಿ ಭಾರತದ ಜಿಡಿಪಿ ಶೇ. 24.4 ಕುಸಿಯಿತು. ಮುಂದಿನ ವರ್ಷ ಅದೇ ತ್ರೈಮಾಸಿಕಕ್ಕೆ ಶೇ. 20.1 ಬೆಳವಣಿಗೆ ಅಂತ ಬಂತು. ಮಾತಲ್ಲಿ ಕೇಳಿದರೆ "ಬಿದ್ದದ್ದು 24, ಎದ್ದದ್ದು 20, ಹೆಚ್ಚೂಕಮ್ಮಿ ಸರಿಹೋಯ್ತು" ಅನಿಸುತ್ತೆ. ಲೆಕ್ಕ ಹಾಕಿ: 100 ಇದ್ದದ್ದು 75.6 ಆಯ್ತು. ಅದರ ಮೇಲೆ ಶೇ. 20.1 ಹತ್ತಿದರೆ 90.8. ಎರಡು ವರ್ಷದ ಹಿಂದಿಗಿಂತ ಇನ್ನೂ ಶೇ. 9 ಕೆಳಗೆ. ಶೇ. 24.4 ಬಿದ್ದದ್ದು ಮೊದಲಿನ ಮಟ್ಟಕ್ಕೆ ಬರಬೇಕಾದರೆ ಶೇ. 32ರಷ್ಟು ಏರಬೇಕು.

ಆಳುವವರು 2020ರ ಗುಂಡಿಯಿಂದ ಅಳೆದು ಏರಿಕೆ ತೋರಿಸುತ್ತಾರೆ, ವಿರೋಧಿಗಳು ಗುಂಡಿಯ ತಳದಲ್ಲೇ ನಿಲ್ಲಿಸಿ ಕುಸಿತ ತೋರಿಸುತ್ತಾರೆ. ಇಬ್ಬರಿಗೂ 2019ನ್ನು ಮುಟ್ಟೋಕೆ ಇಷ್ಟವಿಲ್ಲ. ಮೊದಲ ಮತ್ತು ಕೊನೆಯ ವರ್ಷವನ್ನು ಒಂದೊಂದು ವರ್ಷ ಹಿಂದೆ ಮುಂದೆ ಸರಿಸಿ ನೋಡಿ. ತೀರ್ಮಾನ ತಲೆಕೆಳಗಾದರೆ ಆ ಅಂಕಿಗೆ ಬೆನ್ನೆಲುಬಿಲ್ಲ.

ಗ್ರಾಫ್‌ಹಾಳೆ
ಸರಣಿ ಬೆರೆಸೋದನ್ನೂ ಸೇರಿಸಿ. ಭಾರತದಲ್ಲಿ 2015ರ ಜನವರಿಯಲ್ಲಿ ಜಿಡಿಪಿಯ ಆಧಾರ ವರ್ಷ (ಯಾವ ವರ್ಷದ ಬೆಲೆ ಹಿಡಿದು ಅಳೆಯುತ್ತಾರೋ ಅದು) 2004-05ರಿಂದ 2011-12ಕ್ಕೆ ಬದಲಾಯಿತು. 2013-14ರ ಬೆಳವಣಿಗೆ ಹಳೆ ಸರಣಿಯಲ್ಲಿ ಶೇ. 4.7, ಹೊಸದರಲ್ಲಿ ಶೇ. 6.9. ಅದೇ ವರ್ಷ, ಅದೇ ದೇಶ. ಹಿಂದಿನ ಸರ್ಕಾರಕ್ಕೆ ಹಳೆ ಸರಣಿ, ತಮಗೆ ಹೊಸ ಸರಣಿ ಬಳಸಿದವರ ಗ್ರಾಫ್‌ನಲ್ಲಿ ದಿಢೀರ್ ಜಿಗಿತ ಕಾಣುತ್ತೆ. ಅದು ಅಳತೆಪಟ್ಟಿ ಬದಲಾದ ಜಿಗಿತ.

ನಾಲ್ಕನೇಬೆಂಚು
ಅಮೆರಿಕದಲ್ಲೂ ಜಿಡಿಪಿ ವಿಷಯ ಹೀಗೇನಾ? ಅಲ್ಲಿ ಒಂದೊಂದು ತ್ರೈಮಾಸಿಕಕ್ಕೆ ವಿಪರೀತ ದೊಡ್ಡ ಅಂಕಿ ಬರುತ್ತಲ್ಲ.

ಗ್ರಾಫ್‌ಹಾಳೆ
ಅಲ್ಲಿ ತ್ರೈಮಾಸಿಕದ ಬೆಳವಣಿಗೆಯನ್ನು ವರ್ಷದ ವೇಗಕ್ಕೆ ಹಿಗ್ಗಿಸಿ ಹೇಳುತ್ತಾರೆ. ಹಿಂದಿನ ತ್ರೈಮಾಸಿಕಕ್ಕಿಂತ ಶೇ. 0.7 ಏರಿದ್ದರೆ ಸುದ್ದಿಯಲ್ಲಿ ಬರೋದು ಸುಮಾರು ಶೇ. 2.8. ಭಾರತದಲ್ಲಿ ಹೋದ ವರ್ಷದ ಅದೇ ತ್ರೈಮಾಸಿಕಕ್ಕೆ ಹೋಲಿಸುತ್ತಾರೆ. ಎರಡನ್ನೂ ಒಂದೇ ಕೋಷ್ಟಕದಲ್ಲಿ ಇಡಬಾರದು.

ಹಳೇಪತ್ರಿಕೆ
ಅಂಕಿಯೇ ಅಸ್ತ್ರ ಆಗಿ, ಆಮೇಲೆ ಬಿಟ್ಟವರಿಗೇ ತಿರುಗಿ ಬಂದದ್ದಕ್ಕೆ ಒಳ್ಳೆ ಉದಾಹರಣೆ "ಸಂಕಟ ಸೂಚ್ಯಂಕ". ಹಣದುಬ್ಬರ ದರಕ್ಕೆ ನಿರುದ್ಯೋಗ ದರ ಕೂಡಿಸಿದರೆ ಆಯ್ತು. ಅರ್ಥಶಾಸ್ತ್ರಜ್ಞ ಆರ್ಥರ್ ಓಕನ್ ಕಟ್ಟಿದ್ದು. 1976ರ ಅಮೆರಿಕದ ಚುನಾವಣೆಯಲ್ಲಿ ಜಿಮ್ಮಿ ಕಾರ್ಟರ್ ಅದನ್ನು ಅಧ್ಯಕ್ಷ ಫೋರ್ಡ್ ವಿರುದ್ಧ ಬೀಸಿದರು, ಗೆದ್ದರು. 1980ಕ್ಕೆ ಅದು ಇನ್ನೂ ಮೇಲೇರಿ ಕೂತಿತ್ತು. ಆಗಿನ ಎದುರಾಳಿ ರೇಗನ್ ಅದೇ ಸೂಚ್ಯಂಕವನ್ನು ಕಾರ್ಟರ್ ಮುಂದೆ ಹಿಡಿದರು.

ಲೆಕ್ಕಿಗ
ಆ ಸೂಚ್ಯಂಕ ಜನಪ್ರಿಯ, ಆದರೆ ಲೆಕ್ಕವಾಗಿ ದುರ್ಬಲ. ಶೇ. 1 ನಿರುದ್ಯೋಗ, ಶೇ. 1 ಹಣದುಬ್ಬರ ಎರಡನ್ನೂ ಸಮ ಅಂತ ಹಿಡಿಯುತ್ತೆ. ಕೆಲಸ ಕಳೆದುಕೊಂಡವರ ಸಂಕಟಕ್ಕೂ ಎಲ್ಲರಿಗೂ ಒಂದಿಷ್ಟು ಬೆಲೆ ಏರಿದ್ದಕ್ಕೂ ಒಂದೇ ತೂಕ ಹಾಕೋದು ಹೇಗೆ?

ಹಳೇಪತ್ರಿಕೆ
ಒಪ್ಪಿದೆ. ಆದರೆ ಭಾಷಣದಲ್ಲಿ ಗೆಲ್ಲೋದು ಒಂದೇ ಉಸಿರಲ್ಲಿ ಹೇಳಬಹುದಾದ ಅಂಕಿ. ಅದಕ್ಕಿಂತ ಗಟ್ಟಿ ಪ್ರಸಂಗ ಇದೆ, ಕೇಳಿ. ಬ್ರಿಟನ್, 1970. ವಿದೇಶಿ ವ್ಯಾಪಾರದ ಲೆಕ್ಕ ಸರಿಪಡಿಸಿದ್ದೇವೆ ಅನ್ನೋದು ಹೆರಾಲ್ಡ್ ವಿಲ್ಸನ್ ಸರ್ಕಾರದ ದೊಡ್ಡ ಹೆಗ್ಗಳಿಕೆ. ಮತದಾನ ಜೂನ್ 18ಕ್ಕೆ. ಜೂನ್ 15ಕ್ಕೆ ಮೇ ತಿಂಗಳ ವ್ಯಾಪಾರದ ಅಂಕಿ ಹೊರಬಿತ್ತು: 3.1 ಕೋಟಿ ಪೌಂಡ್ ಕೊರತೆ. ಆ ತಿಂಗಳ ಆಮದಿನಲ್ಲಿ ಎರಡು ಜಂಬೋ ಜೆಟ್ ವಿಮಾನ ಸೇರಿದ್ದವು! ವಿಮಾನ ಪ್ರತಿ ತಿಂಗಳೂ ಕೊಳ್ಳೋ ವಸ್ತುವಲ್ಲ. ವಿವರಣೆ ಕೊಡೋಕೆ ಇದ್ದದ್ದು ಮೂರೇ ದಿನ. ವಿಲ್ಸನ್ ಸೋತರು, ಎಡ್ವರ್ಡ್ ಹೀತ್ ಬಂದರು.

ಮೈದಾನ
ಅದು ವಿಮಾನದಿಂದಲ್ಲ ಸ್ವಾಮಿ, ಫುಟ್‌ಬಾಲ್‌ನಿಂದ! ಜೂನ್ 14ಕ್ಕೆ ವಿಶ್ವಕಪ್ ಕ್ವಾರ್ಟರ್‌ಫೈನಲ್‌ನಲ್ಲಿ ಇಂಗ್ಲೆಂಡ್ 2-0 ಮುಂದಿದ್ದು ಪಶ್ಚಿಮ ಜರ್ಮನಿಗೆ 3-2ರಲ್ಲಿ ಸೋತಿತ್ತು. ದೇಶಕ್ಕೆ ದೇಶವೇ ಮುಖ ಬಾಡಿಸಿಕೊಂಡು ಮತ ಹಾಕಿದ್ದು.

ಹಳೇಪತ್ರಿಕೆ
ಹಾಗೆ ಹೇಳುವವರೂ ಇದ್ದಾರೆ. ಯಾವುದರಿಂದ ಎಷ್ಟು ಮತ ಹೋಯ್ತು ಅಂತ ಬಿಡಿಸಿ ಹೇಳೋಕಾಗಲ್ಲ. ನನ್ನ ಮಾತು ಇಷ್ಟೇ: ಒಂದು ತಿಂಗಳ ಅಂಕಿಯನ್ನು ಪ್ರವೃತ್ತಿ ಅಂತ ಮಾರಬಾರದು. ಕನಿಷ್ಠ ಮೂರು ತಿಂಗಳ ಸರಾಸರಿ ಹಾಕಿ, ಒಂದೇ ಸಲ ಬಂದ ದೊಡ್ಡ ವಸ್ತು ತೆಗೆದು ನೋಡಿ.

ಆಧಾರವರ್ಷ
ತಡವಾಗಿ ಬರೋ ಅಂಕಿಯೂ ಚುನಾವಣೆಯನ್ನು ಕಾಡುತ್ತೆ. ಅಮೆರಿಕದಲ್ಲಿ 1990ರ ಜುಲೈಯಲ್ಲಿ ಶುರುವಾದ ಆರ್ಥಿಕ ಹಿಂಜರಿತ 1991ರ ಮಾರ್ಚ್‌ಗೇ ಮುಗಿದಿತ್ತು. ಹಾಗಂತ ಅಧಿಕೃತವಾಗಿ ಘೋಷಣೆಯಾದದ್ದು 1992ರ ಡಿಸೆಂಬರ್‌ನಲ್ಲಿ. ನವೆಂಬರ್‌ನಲ್ಲೇ ಅಧ್ಯಕ್ಷ ಬುಷ್ (ಹಿರಿಯ) ಸೋತಾಗಿತ್ತು. ಹಾಗಾದರೆ ಆರ್ಥಿಕತೆ ಕೆಟ್ಟಿದೆ ಅಂತ ಎದುರಾಳಿ ಕ್ಲಿಂಟನ್ ಹೇಳಿದ್ದು ಸುಳ್ಳಾ? ಅಲ್ಲ. ಉತ್ಪಾದನೆ ಚೇತರಿಸಿದರೂ ನಿರುದ್ಯೋಗ ಏರುತ್ತಲೇ ಹೋಗಿ 1992ರ ಜೂನ್‌ನಲ್ಲಿ ಶೇ. 7.8 ಮುಟ್ಟಿತ್ತು. ಕೆಲಸ ಸಾಮಾನ್ಯವಾಗಿ ಉತ್ಪಾದನೆಯ ಹಿಂದೆ ಬರುತ್ತೆ.

ಕಾವೇರಿತೀರ
ಬೆಲೆ ಏರಿಕೆ ಬಗ್ಗೆ ಹೇಳಿ ಯಾರಾದರೂ. "ಹಣದುಬ್ಬರ ಇಳಿಸಿದ್ದೇವೆ" ಅಂತಾರೆ, ಅಂಗಡಿಗೆ ಹೋದರೆ ಏನೂ ಇಳಿದಿರಲ್ಲ. ಹೊಟ್ಟೆ ಉರಿಯುತ್ತೆ.

ಲೆಕ್ಕಿಗ
ಕಾವೇರಿತೀರ ಅವರೇ, ನಿಮ್ಮ ಸಿಟ್ಟು ನ್ಯಾಯವಾದದ್ದೇ. ಹಣದುಬ್ಬರ ಅಂದರೆ ವೇಗ, ಬೆಲೆ ಅಂದರೆ ತಲುಪಿದ ಎತ್ತರ. ವೇಗ ಕಮ್ಮಿಯಾದರೂ ಬಸ್ಸು ಹತ್ತುತ್ತಲೇ ಇರುತ್ತೆ.

ಅಮೆರಿಕದ 2024ರ ಚುನಾವಣೆ ಪೂರ್ತಿ ಈ ಗೊಂದಲದ ಮೇಲೇ ನಡೆಯಿತು. 2022ರ ಜೂನ್‌ನಲ್ಲಿ ಶೇ. 9.1 ಇದ್ದ ವಾರ್ಷಿಕ ಹಣದುಬ್ಬರ 2024ರ ಸೆಪ್ಟೆಂಬರ್‌ಗೆ ಶೇ. 2.4ಕ್ಕೆ ಬಂದಿತ್ತು. ಅದು ಆಳುವವರ ಅಂಕಿ. 2021ರ ಜನವರಿಗೆ ಹೋಲಿಸಿದರೆ ಒಟ್ಟು ಬೆಲೆಮಟ್ಟ ಸುಮಾರು ಶೇ. 20 ಮೇಲಿತ್ತು. ಅದು ವಿರೋಧಿಗಳ ಅಂಕಿ. ಎರಡೂ ಒಂದೇ ಸೂಚ್ಯಂಕದಿಂದ ತೆಗೆದದ್ದು. ಈ ಎರಡರಲ್ಲೂ ಕಾಣದೇ ಇರೋದು ಅದೇ ಅವಧಿಯಲ್ಲಿ ಕೂಲಿ ಎಷ್ಟು ಏರಿತು ಅನ್ನೋದು. ಬೆಲೆ ಶೇ. 20, ಕೂಲಿ ಶೇ. 22 ಏರಿದರೆ ಒಂದು ಮಾತು, ಕೂಲಿ ಶೇ. 15 ಏರಿದರೆ ಬೇರೆಯೇ ಮಾತು.

ತಕ್ಕಡಿ
ತೂಕವನ್ನೂ ನೋಡಿ. ಭಾರತದ 2012ರ ಆಧಾರ ವರ್ಷದ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಆಹಾರ ಮತ್ತು ಪಾನೀಯಕ್ಕೆ 100ರಲ್ಲಿ 45.86ರ ತೂಕ. ಸಂಪಾದನೆಯ ಮುಕ್ಕಾಲು ಭಾಗ ಊಟಕ್ಕೇ ಹೋಗುವ ಮನೆಗೆ ಆಹಾರ ಬೆಲೆ ಏರಿದಾಗ ತಟ್ಟೋ ಬಿಸಿ ಸೂಚ್ಯಂಕದಲ್ಲಿ ಕಾಣೋದಕ್ಕಿಂತ ಜಾಸ್ತಿ.

ವಿಭಾಜಕ
ಭಾಗಾಕಾರದ ಚಮತ್ಕಾರಕ್ಕೆ 2024ರ ಬ್ರಿಟನ್ ನೋಡಿ. ಜೂನ್ 4ರ ಟಿವಿ ಚರ್ಚೆಯಲ್ಲಿ ಆಗಿನ ಪ್ರಧಾನಿ ರಿಷಿ ಸುನಕ್, ಲೇಬರ್ ಪಕ್ಷ ಬಂದರೆ ಪ್ರತಿ ಮನೆಗೆ 2,000 ಪೌಂಡ್ ತೆರಿಗೆ ಹೆಚ್ಚಾಗುತ್ತೆ ಅಂದರು. ಕೇಳಿದವರಿಗೆ ವರ್ಷಕ್ಕೆ 2,000 ಅಂತ ಅನಿಸುತ್ತೆ. ನಿಜಕ್ಕೂ ಅದು ನಾಲ್ಕು ವರ್ಷದ ಮೊತ್ತ, ವರ್ಷಕ್ಕೆ 500ರ ಆಸುಪಾಸು. ಅದೂ ದುಡಿಯುವವರು ಇರುವ ಮನೆಗಳನ್ನು ಮಾತ್ರ ಛೇದಕ್ಕೆ ಹಾಕಿ ಭಾಗಿಸಿದ್ದು. ಎಲ್ಲ ಮನೆ ಹಾಕಿದ್ದರೆ ಇನ್ನೂ ಕಮ್ಮಿ. ಎದುರಾಳಿ ಏನು ಖರ್ಚು ಮಾಡಬಹುದು ಅನ್ನೋ ಊಹೆಯೂ ಹೇಳಿದವರದ್ದೇ. ನಾಲ್ಕು ವರ್ಷದ ಮೊತ್ತ ಅಂತ ಕೇಳುಗರಿಗೆ ತಿಳಿಯೋ ದಾರಿಯೇ ಇಲ್ಲ ಅಂತ ಅಲ್ಲಿನ ಅಂಕಿಅಂಶ ನಿಯಂತ್ರಣ ಕಚೇರಿ ಎರಡೇ ದಿನದಲ್ಲಿ ಹೇಳಿತು.

ಕಡತ
ಬ್ರಿಟನ್ ಐರೋಪ್ಯ ಒಕ್ಕೂಟ ಬಿಡಬೇಕೋ ಬೇಡವೋ ಅನ್ನೋ 2016ರ ಜನಮತಗಣನೆಯಲ್ಲಿ, ಬಿಡಬೇಕು ಅನ್ನುವವರು ಪ್ರಚಾರದ ಬಸ್ಸಿನ ಮೇಲೆ ಬರೆಸಿದ್ದ "ವಾರಕ್ಕೆ 35 ಕೋಟಿ ಪೌಂಡ್ ಯುರೋಪಿಗೆ ಕಳಿಸ್ತೀವಿ" ಕೂಡ ಅದೇ ಜಾತಿ. ರಿಯಾಯಿತಿ ಕಳೆಯದೆ ಹೇಳಿದ ಅಂಕಿ. ಆ ರಿಯಾಯಿತಿ ಹಣ ದೇಶ ಬಿಟ್ಟು ಹೋಗುತ್ತಲೇ ಇರಲಿಲ್ಲ. ಬ್ರಿಟನ್ನಿನ ಅಂಕಿಅಂಶ ಪ್ರಾಧಿಕಾರ ಎಚ್ಚರಿಸಿದರೂ ಬಸ್ಸಿನ ಮೇಲಿನ ಬರಹ ಅಳಿಸಲಿಲ್ಲ.

ನಾಲ್ಕನೇಬೆಂಚು
ಅಂಕಿಗಳನ್ನೇ ಸರ್ಕಾರ ತಿದ್ದಿದರೆ ಆಗ? ಅಮೆರಿಕದಲ್ಲಿ 8 ಲಕ್ಷ ಕೆಲಸ ಸುಳ್ಳು ಲೆಕ್ಕ ಅಂತ ಸಿಕ್ಕಿಬಿತ್ತಲ್ಲ.

ಲೆಕ್ಕಿಗ
ಸಿಕ್ಕಿಬಿದ್ದದ್ದಲ್ಲ, ಅಲ್ಲಿನ ಸರ್ಕಾರಿ ಕಾರ್ಮಿಕ ಅಂಕಿಅಂಶ ಕಚೇರಿಯೇ ಪ್ರಕಟಿಸಿದ್ದು. ತಿಂಗಳ ಉದ್ಯೋಗದ ಅಂಕಿ ಸುಮಾರು 1.2 ಲಕ್ಷ ಸಂಸ್ಥೆಗಳ ಸಮೀಕ್ಷೆಯಿಂದ ಬರುತ್ತೆ. ಹೊಸದಾಗಿ ಹುಟ್ಟಿದ, ಮುಚ್ಚಿಹೋದ ಕಂಪನಿಗಳನ್ನು ಮಾದರಿ ಹಾಕಿ ಅಂದಾಜಿಸಬೇಕು. ವರ್ಷಕ್ಕೊಮ್ಮೆ ನಿರುದ್ಯೋಗ ವಿಮೆಯ ತೆರಿಗೆ ದಾಖಲೆಗೆ ತಾಳೆ ಹಾಕುತ್ತಾರೆ. 2024ರ ಆಗಸ್ಟ್‌ನಲ್ಲಿ ಬಂದದ್ದು ಅದರ ಪ್ರಾಥಮಿಕ ಅಂದಾಜು: ಮಾರ್ಚ್ 2024ರ ಮಟ್ಟ 8,18,000 ಕಮ್ಮಿ. ಒಟ್ಟು ಉದ್ಯೋಗದ ಶೇ. 0.5ರಷ್ಟು. 2025ರ ಫೆಬ್ರವರಿಯ ಅಂತಿಮ ಲೆಕ್ಕದಲ್ಲಿ ಕಡಿತ 6 ಲಕ್ಷದ ಒಳಗೇ ನಿಂತಿತು. ಮತದಾನಕ್ಕೆ ಎರಡೂವರೆ ತಿಂಗಳಿದ್ದಾಗ ತನ್ನ ಸರ್ಕಾರಕ್ಕೇ ಮುಜುಗರ ತರುವ ಅಂಕಿ ಬಿಟ್ಟದ್ದನ್ನು ಮೋಸ ಅಂತ ಹೇಗೆ ಕರೀತೀರಿ?

ಹಳೇಪತ್ರಿಕೆ
ನಿಜವಾಗಿ ತಿದ್ದಿದ ಪ್ರಕರಣ ಬೇಕಿದ್ದರೆ ಅರ್ಜೆಂಟೀನಾ. 2007ರಲ್ಲಿ ಸರ್ಕಾರ ಅಲ್ಲಿನ ಅಂಕಿಅಂಶ ಸಂಸ್ಥೆಗೆ ಕೈಹಾಕಿ ಬೆಲೆ ಸೂಚ್ಯಂಕದ ಉಸ್ತುವಾರಿಗಳನ್ನು ಬದಲಿಸಿತು. ಆಮೇಲೆ ಅಧಿಕೃತ ಹಣದುಬ್ಬರ ಒಂದು ದಾರಿ, ಖಾಸಗಿ ಅಂದಾಜು ಅದರ ಎಷ್ಟೋ ಪಟ್ಟು ಮೇಲೆ. 2013ರಲ್ಲಿ ಐಎಂಎಫ್ ಖಂಡನೆ ಹೊರಡಿಸಿತು. ಗುರುತು ಏನು ಗೊತ್ತಾ? ಅಧಿಕೃತ ಅಂಕಿ ಸ್ವತಂತ್ರ ಮೂಲಗಳ ಜೊತೆ ಒಂದೇ ದಿಕ್ಕಲ್ಲಿ ವರ್ಷಗಟ್ಟಲೆ ತಪ್ಪುತ್ತಾ ಹೋಗೋದು. ಪರಿಷ್ಕರಣೆ ಹಾಗಲ್ಲ, ಒಮ್ಮೆ ಮೇಲೆ ಒಮ್ಮೆ ಕೆಳಗೆ ಆಗುತ್ತಿರುತ್ತೆ.

ಕಡತ
ತಿದ್ದೋದು ಬೇಡ, ತಡ ಮಾಡಿದರೂ ಸಾಕು. ಭಾರತದ 2017-18ರ ಪಿಎಲ್‌ಎಫ್‌ಎಸ್ ವರದಿ, ನಿರುದ್ಯೋಗ ಶೇ. 6.1 ಅಂದದ್ದು, ಅಧಿಕೃತವಾಗಿ ಹೊರಬಂದದ್ದು 2019ರ ಮೇ 31ಕ್ಕೆ. ಚುನಾವಣೆ ಫಲಿತಾಂಶ ಮೇ 23ಕ್ಕೇ ಬಂದಿತ್ತು. ಪ್ರಕಟಣೆಯ ದಿನಾಂಕ ಮೊದಲೇ ಕ್ಯಾಲೆಂಡರ್‌ನಲ್ಲಿ ಹಾಕಿ ಅದಕ್ಕೆ ಕಟ್ಟುಬಿದ್ದರೆ ಈ ಅನುಮಾನಕ್ಕೇ ಜಾಗ ಇರಲ್ಲ.

ಗ್ರಾಫ್‌ಹಾಳೆ
ಬಡತನದ ಅಂಕಿಗೂ ಒಂದು ಟಿಪ್ಪಣಿ. ನೀತಿ ಆಯೋಗದ 2024ರ ಜನವರಿ ಪತ್ರದಲ್ಲಿ ಬಹು ಆಯಾಮದ ಬಡತನ (ಆರೋಗ್ಯ, ಶಿಕ್ಷಣ, ಜೀವನಮಟ್ಟ ಮೂರನ್ನೂ ನೋಡಿ ಅಳೆದದ್ದು) 2013-14ರ ಶೇ. 29.17ರಿಂದ 2022-23ಕ್ಕೆ ಶೇ. 11.28ಕ್ಕೆ ಇಳಿಯಿತು, 24.82 ಕೋಟಿ ಜನ ಹೊರಬಂದರು ಅಂತಿದೆ. ಬಡತನ ಇಳಿದಿರೋದು ನಿಜ. ಆದರೆ ಈ ಎರಡೂ ವರ್ಷಕ್ಕೆ ಸಮೀಕ್ಷೆ ಇಲ್ಲ. ಇದಕ್ಕೆ ಆಧಾರವಾದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಡೆದದ್ದು 2005-06, 2015-16, 2019-21ರಲ್ಲಿ. ನಡುವಿನ ಮತ್ತು ಆಚೆಯ ವರ್ಷಕ್ಕೆ ಗೆರೆ ಎಳೆದು ಅಂದಾಜಿಸಿದ್ದು. ದಶಮಾಂಶದ ಎರಡು ಸ್ಥಾನ ನೋಡಿ ಅಷ್ಟು ನಿಖರ ಅಂದುಕೊಳ್ಳಬೇಡಿ.

ಶಾಲ್ಮಲಾ
ಎಲ್ಲರಿಗೂ ಧನ್ಯವಾದ, ಬರ್ಕೊಂಡೆ. ಒಂದು ಸಾಲು ಕೊಡ್ತೀನಿ, ಬಿಡಿಸಿ ತೋರಿಸಿ: "ಹತ್ತು ವರ್ಷದಲ್ಲಿ ಜನರ ಸರಾಸರಿ ಆದಾಯ ಎರಡು ಪಟ್ಟು ಮಾಡಿದೆವು."

ಲೆಕ್ಕಿಗ
ಮೊದಲು ವಾರ್ಷಿಕ ದರಕ್ಕೆ ಇಳಿಸಿ. ಹತ್ತು ವರ್ಷದಲ್ಲಿ ಎರಡು ಪಟ್ಟು ಅಂದರೆ ವರ್ಷಕ್ಕೆ ಶೇ. 7.2. ಕೇಳೋಕೆ "ಎರಡು ಪಟ್ಟು" ಅನ್ನೋಷ್ಟು ಭಾರ ಇಲ್ಲ ಅಲ್ವಾ? ಆಮೇಲೆ ಬೆಲೆ ಏರಿಕೆ ತೆಗೀರಿ. ಕಳೆಯಬೇಡಿ, ಭಾಗಿಸಿ. ವರ್ಷಕ್ಕೆ ಶೇ. 5 ಹಣದುಬ್ಬರ ಇದ್ದರೆ ಹತ್ತು ವರ್ಷಕ್ಕೆ ಬೆಲೆ 1.63 ಪಟ್ಟು. 2 ÷ 1.63 = 1.23. ನಿಜವಾದ ಏರಿಕೆ ಹತ್ತು ವರ್ಷಕ್ಕೆ ಶೇ. 23, ವರ್ಷಕ್ಕೆ ಶೇ. 2ರ ಹತ್ತಿರ. ಹಣದುಬ್ಬರ ಶೇ. 6 ಆಗಿದ್ದರೆ ಬೆಲೆ 1.79 ಪಟ್ಟು, ನಿಜ ಏರಿಕೆ ಶೇ. 12ಕ್ಕೇ ನಿಲ್ಲುತ್ತೆ.

ವಿಭಾಜಕ
ಇನ್ನೂ "ಸರಾಸರಿ" ಬಾಕಿ ಇದೆ. ಹತ್ತು ಜನರಲ್ಲಿ ಒಂಬತ್ತು ಜನಕ್ಕೆ 20, ಒಬ್ಬರಿಗೆ 220. ಮೊತ್ತ 400, ಸರಾಸರಿ 40. ಆ ಒಬ್ಬರ ಆದಾಯ 320 ಆಯ್ತು, ಉಳಿದವರದ್ದು ಅಲ್ಲೇ. ಸರಾಸರಿ 50, ಶೇ. 25 ಏರಿಕೆ! ಮಧ್ಯಾಂಕ, ಅಂದರೆ ಎಲ್ಲರನ್ನೂ ಆದಾಯದ ಸಾಲಲ್ಲಿ ನಿಲ್ಲಿಸಿದರೆ ನಡುವೆ ಬರುವ ಅಂಕಿ, ಮೊದಲೂ 20, ಈಗಲೂ 20. ಒಂಬತ್ತು ಜನರ ಕೈಗೆ ಒಂದು ಪೈಸೆ ಬಂದಿಲ್ಲ. ಜಿಡಿಪಿಯನ್ನು ಜನಸಂಖ್ಯೆಯಿಂದ ಭಾಗಿಸಿದ ತಲಾ ಆದಾಯದ ಅಂಕಿಗೂ ಇದೇ ಕಾಯಿಲೆ. ಅದರಲ್ಲಿ ಕಂಪನಿಗಳ ಲಾಭ, ಸರ್ಕಾರದ ವರಮಾನವೂ ಸೇರಿರುತ್ತೆ.

ತಕ್ಕಡಿ
ಲೆಕ್ಕಿಗ ಅವರೇ, ಒಂದು ತಿದ್ದುಪಡಿ. ಯಾವ ಬೆಲೆ ಸೂಚ್ಯಂಕದಿಂದ ಭಾಗಿಸ್ತೀರಿ ಅನ್ನೋದನ್ನೂ ಹೇಳಬೇಕು. ಜಿಡಿಪಿ ಡಿಫ್ಲೇಟರ್‌ನಲ್ಲಿ ದೇಶದಲ್ಲಿ ತಯಾರಾದ ಎಲ್ಲದರ ಬೆಲೆ ಇರುತ್ತೆ, ಯಂತ್ರೋಪಕರಣವೂ ಸೇರಿ. ಮನೆಯ ಆದಾಯದ ಪ್ರಶ್ನೆಗೆ ಗ್ರಾಹಕ ಬೆಲೆ ಸೂಚ್ಯಂಕವೇ ಸರಿ. ಎರಡರ ನಡುವೆ ವರ್ಷಕ್ಕೆ ಶೇ. 1 ವ್ಯತ್ಯಾಸ ಇದ್ದರೂ ಹತ್ತು ವರ್ಷಕ್ಕೆ ನಿಮ್ಮ ಶೇ. 23, ಶೇ. 12ರ ಅಂತರ ಅಲ್ಲೇ ಹುಟ್ಟುತ್ತೆ.

ಲೆಕ್ಕಿಗ
ಸರಿಯಾಗಿ ಹಿಡಿದಿರಿ. ಶಾಲ್ಮಲಾ ಅವರೇ, ಶೇ. 23ರ ಪಕ್ಕ "ಗ್ರಾಹಕ ಬೆಲೆ ಸೂಚ್ಯಂಕದ ಪ್ರಕಾರ" ಅಂತ ಸೇರಿಸಿಕೊಳ್ಳಿ.